ಅಮೆರಿಕದ ಸ್ಪೀಚ್ ಟೂರ್ನಮೆಂಟ್: ಡಿಐ ಕೋಣೆಯಲ್ಲಿ ಜಡ್ಜ್ ಆಗಿ ಕೂತಾಗ ಏನನ್ನು ನೋಡಬೇಕು?

ಫ್ರಿಸ್ಕೊ_ಅಮ್ಮ

ಎಲ್ಲರಿಗೂ ನಮಸ್ಕಾರ. ಇಲ್ಲಿ ಮಕ್ಕಳು ಸ್ಪೀಚ್ ಅಂಡ್ ಡಿಬೇಟ್‌ಗೆ ಸೇರಿದರೆ ಶಾಲೆಯವರು ಇಷ್ಟು ಮಕ್ಕಳಿಗೆ ಒಬ್ಬರಂತೆ ಜಡ್ಜ್‌ಗಳನ್ನೂ ಕಳಿಸಬೇಕು, ಆ ಕೆಲಸ ಅಪ್ಪ ಅಮ್ಮಂದಿರ ಪಾಲಿಗೇ ಬರುತ್ತೆ ಅನ್ನೋದು ನಿಮಗೆಲ್ಲ ಗೊತ್ತಿರೋದೇ. ಮುಂದಿನ ಶನಿವಾರ ನನಗೆ ಡಿಐ, ಅಂದರೆ ಡ್ರಮ್ಯಾಟಿಕ್ ಇಂಟರ್‌ಪ್ರಿಟೇಶನ್, ಮೂರು ಸುತ್ತು. ಜೊತೆಗೆ ಒರಿಜಿನಲ್ ಒರೇಟರಿ, ಅಂದರೆ ಮಕ್ಕಳೇ ಬರೆದ ಭಾಷಣ, ಒಂದು ಸುತ್ತು. ನಿಯಮಾವಳಿ ಓದಿದ್ದೇನೆ. ಏನು ಮಾಡಬಾರದು ಅನ್ನೋದು ಅದರಲ್ಲಿದೆ, ಯಾವುದು ಚೆನ್ನ ಅನ್ನೋದು ಇಲ್ಲ. ಆರು ಮಕ್ಕಳೂ ಬಾಯಿಪಾಠ ಸರಿಯಾಗಿ ಒಪ್ಪಿಸಿ, ಆರೂ ಜನ ಕಣ್ಣಲ್ಲಿ ನೀರು ತಂದುಕೊಂಡರೆ ಒಂದನೇ ಸ್ಥಾನವನ್ನ ಯಾವ ಆಧಾರದ ಮೇಲೆ ಕೊಡೋದು? ತಿಳಿದವರು ಬಿಡಿಸಿ ಹೇಳಿ.

ತಾಳಮದ್ದಳೆ_ಕೇಳುಗ

ಈ ಸ್ಪರ್ಧೆಯಲ್ಲಿ ಏನೇನು ಇಲ್ಲ ಎಂಬುದರಿಂದ ಶುರು ಮಾಡೋಣ. ನಾಟ್ಯಶಾಸ್ತ್ರದಲ್ಲಿ ಅಭಿನಯ ನಾಲ್ಕು ಬಗೆ: ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕ. ಡಿಐಯಲ್ಲಿ ಆಹಾರ್ಯಕ್ಕೆ ಜಾಗವೇ ಇಲ್ಲ. ವೇಷ ಇಲ್ಲ, ಕೈಯಲ್ಲಿ ಯಾವ ಪರಿಕರವೂ ಇಲ್ಲ, ಬೆಳಕು, ಸಂಗೀತ ಇಲ್ಲ. ಪ್ರಕಟವಾದ ಒಂದು ಕೃತಿಯಿಂದ ಆಯ್ದ ಭಾಗವನ್ನು ಒಬ್ಬರೇ ನಿಂತು, ಕಂಠಸ್ಥವಾಗಿ, 10 ನಿಮಿಷದೊಳಗೆ ಮಾಡಿ ತೋರಿಸಬೇಕು. ಒಂದೇ ಪಾತ್ರ ಇರಬಹುದು, ನಾಲ್ಕೈದೂ ಇರಬಹುದು. ಹಾಗಾಗಿ ನೀವು ಅಳೆಯಬೇಕಾದ್ದು ಉಳಿದ ಮೂರನ್ನು: ಮೈ, ಮಾತು, ಒಳಗಿನ ಭಾವ.

ತಾಳಮದ್ದಳೆ ಕೇಳಿ ಬೆಳೆದವರಿಗೆ ಇದು ಬೇಗ ಹಿಡಿತಕ್ಕೆ ಸಿಗುತ್ತದೆ. ಅಲ್ಲಿಯೂ ವೇಷವಿಲ್ಲ, ಕುಣಿತವಿಲ್ಲ, ಅರ್ಥಧಾರಿ ಕೂತಲ್ಲೇ ವಾಲಿಯಾಗುತ್ತಾನೆ. ಬಾಣ ತಾಗಿ ಬಿದ್ದ ವಾಲಿ ನರಳಿದ್ದಕ್ಕೆ ಯಾರೂ ತಲೆದೂಗುವುದಿಲ್ಲ. ‘ಮರೆಯಲ್ಲಿ ನಿಂತು ಯಾಕೆ ಹೊಡೆದೆ’ ಎಂದು ರಾಮನನ್ನು ಕೇಳುವಾಗ ಅವನಿಗೆ ಆ ಉತ್ತರ ನಿಜಕ್ಕೂ ಬೇಕಾಗಿದೆ ಎಂದು ನಮಗೆ ಅನಿಸಬೇಕು, ಆಗ ತಲೆದೂಗುತ್ತೇವೆ. ಡಿಐ ಕೋಣೆಯಲ್ಲೂ ಪ್ರತಿ ದೃಶ್ಯಕ್ಕೆ ಇದೊಂದನ್ನು ಕೇಳಿಕೊಳ್ಳಿ: ಈ ಪಾತ್ರಕ್ಕೆ ಈ ಕ್ಷಣದಲ್ಲಿ ಎದುರಿನವರಿಂದ ಏನು ಬೇಕು? ಕ್ಷಮೆಯೇ, ಹಣವೇ, ಇನ್ನೈದು ನಿಮಿಷ ಇದ್ದು ಹೋಗು ಎಂಬ ಬೇಡಿಕೆಯೇ? ಅದು ನಿಮಗೆ ಕಾಣಿಸುತ್ತಿದ್ದರೆ ಆ ಮಗು ಪಠ್ಯವನ್ನು ಅರ್ಥ ಮಾಡಿಕೊಂಡಿದೆ. ಬರೀ ದುಃಖ ಕಾಣಿಸುತ್ತಿದ್ದರೆ, ಭಾವದ ಹೆಸರು ಗೊತ್ತಾಗಿದೆ, ಕಾರಣ ಗೊತ್ತಾಗಿಲ್ಲ ಎಂದರ್ಥ.

ಎರಡನೆಯದು ಏರಿಳಿತ. ಮೊದಲ ನಿಮಿಷದಲ್ಲೇ ಕಿರುಚಾಟ ಶುರುವಾದರೆ ಎಂಟನೇ ನಿಮಿಷದ ಮುಖ್ಯ ಘಟ್ಟಕ್ಕೆ ಹೋಗಲು ಎತ್ತರವೇ ಉಳಿಯುವುದಿಲ್ಲ. ಒಳ್ಳೆಯ ಪ್ರದರ್ಶನದಲ್ಲಿ ನಗು ಇರುತ್ತದೆ, ಸಾಮಾನ್ಯ ಮಾತುಕತೆ ಇರುತ್ತದೆ, ಪಾತ್ರ ತನಗಿಷ್ಟವಾದದ್ದರ ಬಗ್ಗೆ ಆಸೆಯಿಂದ ಮಾತಾಡುವ ಅರ್ಧ ನಿಮಿಷ ಇರುತ್ತದೆ. ಆ ಅರ್ಧ ನಿಮಿಷ ಇದ್ದರೇ ಮುಂದೆ ಕಳೆದುಕೊಂಡದ್ದು ನಮಗೂ ಕಳೆದುಕೊಂಡ ಹಾಗೆ ಆಗುವುದು. ಒಂದೇ ಶ್ರುತಿಯಲ್ಲಿ 10 ನಿಮಿಷ ಅತ್ತ ಪ್ರದರ್ಶನಕ್ಕಿಂತ ಎರಡು ಕಡೆ ಮಾತ್ರ ದನಿ ಏರಿಸಿದ ಪ್ರದರ್ಶನ ಮೇಲೆ ಬರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಬಿಳಿ_ಬೋರ್ಡು

ಮೇಲಿನವರು ಹೇಳಿದ್ದನ್ನ ಒಂದು ದೃಶ್ಯ ಇಟ್ಕೊಂಡು ತೋರಿಸ್ತೀನಿ, ಕೋಣೆಯಲ್ಲಿ ಕೂತಾಗ ಕಣ್ಣು ಎಲ್ಲಿಡಬೇಕು ಅನ್ನೋದು ಗೊತ್ತಾಗುತ್ತೆ.

ಪಾತ್ರ ಅಡುಗೆಮನೆಯಲ್ಲಿ ತಟ್ಟೆ ಒರೆಸ್ತಾ ಇದ್ದಾಳೆ. ಆಸ್ಪತ್ರೆಯಿಂದ ಫೋನ್ ಬರುತ್ತೆ. ತಂದೆ ತೀರಿಕೊಂಡ ಸುದ್ದಿ.

ಮೊದಲನೇ ವಿದ್ಯಾರ್ಥಿ ‘ಹಲೋ’ ಅನ್ನುವಾಗಲೇ ದನಿ ನಡುಗಿಸ್ತಾಳೆ. ಸುದ್ದಿ ಇನ್ನೂ ಬಂದೇ ಇಲ್ಲ, ಆದರೆ ಮುಂದೆ ಏನಿದೆ ಅಂತ ಮೈಗೆ ಗೊತ್ತಾಗಿಬಿಟ್ಟಿದೆ. ತಟ್ಟೆ ಹಿಡಿದಿದ್ದ ಕೈಯೇ ಫೋನ್ ಹಿಡಿಯೋಕೆ ಮೇಲೆ ಹೋಯ್ತು, ತಟ್ಟೆ ಗಾಳಿಯಲ್ಲಿ ಮಾಯ. ಹೆಬ್ಬೆರಳು, ಕಿರುಬೆರಳು ಚಾಚಿ ಕಿವಿಗಿಟ್ಟಿದ್ದಾಳೆ. ಅದು ‘ಫೋನ್ ಮಾಡು’ ಅಂತ ದೂರದಿಂದ ಮಾಡೋ ಸನ್ನೆ, ಫೋನ್ ಹಿಡಿದ ಕೈ ಅಲ್ಲ. ಎರಡು ಸೆಕೆಂಡಲ್ಲಿ ಮೊಣಕಾಲೂರಿ ಅಳು.

ಎರಡನೇ ವಿದ್ಯಾರ್ಥಿ ಎಡಗೈಯಲ್ಲಿ ತಟ್ಟೆ ಹಾಗೇ ಇಟ್ಕೊಂಡು ಫೋನನ್ನ ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸ್ಕೋತಾಳೆ. ಕೇಳಿಸ್ಕೋತಾಳೆ. ಬಟ್ಟೆ ತಟ್ಟೆ ಮೇಲೆ ಸುತ್ತುತ್ತಲೇ ಇದೆ. ನಿಧಾನವಾಗುತ್ತೆ. ನಿಲ್ಲುತ್ತೆ. ತಟ್ಟೆಯನ್ನ ಸೊಂಟದ ಎತ್ತರದಲ್ಲಿ, ಸದ್ದಾಗದ ಹಾಗೆ, ಕೆಳಗಿಡ್ತಾಳೆ. ಆಮೇಲೆ ಮಾಮೂಲಿ ದನಿಯಲ್ಲಿ ‘ಎಷ್ಟು ಹೊತ್ತಿಗೆ?’ ಅಂತಾಳೆ.

ಎರಡನೆಯವಳು ಮೇಲೆ. ಅವಳು ಅಳಲಿಲ್ಲ ಅನ್ನೋ ಕಾರಣಕ್ಕಲ್ಲ. ಸುದ್ದಿ ಕೇಳಿಸ್ಕೊಂಡಿದ್ದು, ಅರ್ಥ ಆಗಿದ್ದು, ಅದನ್ನ ಹತ್ತಿರ ಬಿಟ್ಕೊಳ್ಳದೆ ತಡೆದಿದ್ದು, ಈ ಮೂರೂ ಬೇರೆ ಬೇರೆ ಘಟ್ಟಗಳಾಗಿ ಕಾಣಿಸ್ತು. ಹುಡುಗರು ಇದನ್ನೇ ‘ಬೀಟ್’ ಅಂತಾರೆ. ಒಂದು ಬೀಟ್‌ನಿಂದ ಇನ್ನೊಂದಕ್ಕೆ ಹೋಗೋಕೆ ಏನಾದರೂ ಕಾರಣ ನಡೀಬೇಕು.

ಇದೇ ಹುಡುಗಿ ಒಂದು ನಿಮಿಷದ ನಂತರ ತಟ್ಟೆ ಇಟ್ಟ ಜಾಗದಲ್ಲೇ ನಡೆದು ಹೋದಳು ಅನ್ನಿ, ಮೇಜಿನೊಳಗಿಂದ ಹಾದು ಹೋದ ಹಾಗಾಯ್ತು. ತಪ್ಪು ಹೌದು, ಬ್ಯಾಲೆಟ್‌ನಲ್ಲಿ (ಜಡ್ಜ್ ರ‍್ಯಾಂಕನ್ನೂ ಅಭಿಪ್ರಾಯವನ್ನೂ ಬರೆಯೋ ಹಾಳೆ) ಬರೀರಿ. ಅದೊಂದಕ್ಕೇ ಮೊದಲನೆಯವಳ ಕೆಳಗೆ ಹಾಕಬೇಡಿ.

ಫ್ರಿಸ್ಕೊ_ಅಮ್ಮ

ಬಿಳಿ ಬೋರ್ಡು ಅವರೇ, ತುಂಬ ಉಪಯೋಗ ಆಯಿತು. ಹಾಗಾದರೆ ಕಣ್ಣೀರಿಗೆ ಬೆಲೆಯೇ ಇಲ್ಲವಾ? ಇನ್ನೊಂದು ಪ್ರಶ್ನೆ: ಒಬ್ಬರೇ ಮೂರು ಪಾತ್ರ ಮಾಡುವಾಗ ಯಾರು ಮಾತಾಡ್ತಿದ್ದಾರೆ ಅಂತ ನನಗೆ ಗೊಂದಲ ಆದರೆ ಅದು ನನ್ನ ತಪ್ಪಾ, ಮಗುವಿನ ತಪ್ಪಾ?

ತಾಳಮದ್ದಳೆ_ಕೇಳುಗ

ಕಣ್ಣೀರು ಬಂದರೆ ಬರಲಿ, ಅದಕ್ಕೆ ಅಂಕವಿಲ್ಲ. ಕೆಲವರಿಗೆ ಬೇಗ ಬರುತ್ತದೆ, ಕೆಲವರಿಗೆ ಬರುವುದೇ ಇಲ್ಲ. ಗಂಟಲು ಕಟ್ಟಿ ಮಾತು ಕೇಳಿಸದೆ ಹೋದರೆ ಮಾತ್ರ ಅದು ದೋಷ, ಯಾಕೆಂದರೆ ಪಠ್ಯ ನಮಗೆ ತಲುಪಲಿಲ್ಲ.

ಪಾತ್ರಗಳ ಗೊಂದಲ ಒಂದೆರಡು ಕ್ಷಣದ್ದಾದರೆ ಬಿಡಿ. ಎರಡನೇ ನಿಮಿಷದ ನಂತರವೂ ಮುಂದುವರಿದರೆ ಅದು ಪ್ರದರ್ಶನದ ದೋಷ. ಹರಿಕಥೆ ನೋಡಿದ್ದೀರಲ್ಲ, ದಾಸರು ಕೈಯಲ್ಲಿ ಚಿಟಿಕೆ ಹಿಡಿದು ಭುಜ ಒಂದಿಷ್ಟು ತಿರುಗಿಸಿದರೆ ರಾವಣ ಹೋಗಿ ಸೀತೆ ಬರುತ್ತಾಳೆ. ಇಲ್ಲಿಯೂ ಅದೇ ವಿದ್ಯೆ. ಪಾತ್ರ ಬದಲಿಸುವುದಕ್ಕೆ ಮಕ್ಕಳು ‘ಪಾಪ್’ ಅನ್ನುತ್ತಾರೆ. ನೋಡಬೇಕಾದ್ದು ಮೂರು. ನಿಲುವು: ಒಬ್ಬಳು ಭಾರವನ್ನು ಹಿಮ್ಮಡಿಗೆ ಬಿಟ್ಟು ನಿಂತರೆ ಇನ್ನೊಬ್ಬ ಮುಂಗಾಲಿನ ಮೇಲೆ ವಾಲಿರುತ್ತಾನೆ. ದನಿ: ಬರೀ ಸ್ಥಾಯಿ ಏರಿಸಿ ಇಳಿಸಿದರೆ ಸಾಲದು, ಮಾತಿನ ಗತಿ ಬೇರೆಯಾಗಬೇಕು. ಮೂರನೆಯದು ದೃಷ್ಟಿ, ಬಹಳ ಜನ ಜಡ್ಜ್‌ಗಳು ಗಮನಿಸದೆ ಬಿಡುವುದು ಇದನ್ನೇ. ತಾಯಿ ಮಗುವಿನೊಂದಿಗೆ ಮಾತಾಡುವಾಗ ನೋಟ ಬಲಕ್ಕೆ, ಸ್ವಲ್ಪ ಕೆಳಗೆ. ಮಗು ಉತ್ತರಿಸುವಾಗ ಎಡಕ್ಕೆ, ಮೇಲಕ್ಕೆ. ಈ ಎರಡು ರೇಖೆಗಳು ಎದುರುಬದುರಾಗಿ ಸೇರಿದರೆ ಖಾಲಿ ಕೋಣೆಯಲ್ಲಿ ಇಬ್ಬರು ನಿಂತ ಹಾಗೆ ಕಾಣುತ್ತದೆ. ತಾಯಿಯೂ ಮಗುವೂ ಒಂದೇ ಎತ್ತರಕ್ಕೆ, ನೇರ ನಿಮ್ಮ ಹಣೆಯ ಮೇಲಕ್ಕೆ ನೋಡುತ್ತಿದ್ದರೆ ಯಾರೂ ಯಾರ ಜೊತೆಗೂ ಮಾತಾಡುತ್ತಿಲ್ಲ.

ಇನ್ನೊಂದು. ಕೇಳುತ್ತಿರುವ ಪಾತ್ರವನ್ನು ನೋಡಿ. ಮಾತಾಡುವ ಪಾತ್ರವನ್ನು ಎಲ್ಲರೂ ಚೆನ್ನಾಗಿ ಮಾಡುತ್ತಾರೆ. ಎದುರಿನವರ ಮಾತು ತಾಗಿದ ಗುರುತು ಮುಖದಲ್ಲಿ ಅರ್ಧ ಸೆಕೆಂಡ್ ಉಳಿದು, ಆಮೇಲೆ ಬಾಯಿ ತೆರೆಯುವ ಮಕ್ಕಳು ಕಡಿಮೆ. ಆರು ಜನರಲ್ಲಿ ಅಂಥವರು ಒಬ್ಬರಿದ್ದರೂ ಅವರನ್ನು ಬಿಟ್ಟುಕೊಡಬೇಡಿ.

ಕಂಠಪಾಠ

ಒಂದು ಆಕ್ಷೇಪ ಇದೆ. ಎಲ್ಲ ಸರಿ, ಆದರೆ ಡಿಐಯಲ್ಲಿ ಆತ್ಮಹತ್ಯೆ, ದೌರ್ಜನ್ಯ, ಕಾಯಿಲೆ ಇಂಥ ವಿಷಯ ತಂದವರೇ ಮುಂದಿನ ಸುತ್ತಿಗೆ ಹೋಗ್ತಾರೆ ಅನ್ನೋ ನಂಬಿಕೆ ಮಕ್ಕಳಲ್ಲಿ ಗಟ್ಟಿಯಾಗಿದೆ. ಹದಿನಾಲ್ಕು ವರ್ಷದ ಮಗುವಿಗೆ ಯಾಕೆ ಈ ಭಾರ? ವಿಷಯ ನೋಡಿ ಜಡ್ಜ್‌ಗಳು ಕರಗೋದು ನಿಲ್ಲಬೇಕು.

ಬಿಳಿ_ಬೋರ್ಡು

ಕಂಠಪಾಠ ಅವರ ಮಾತಿನಲ್ಲಿ ಹುರುಳಿದೆ. ವಿಷಯದ ಭಾರಕ್ಕೆ ರ‍್ಯಾಂಕ್ ಏರಿಸಬಾರದು. ಹಾಗೇ, ಈ ವಿಷಯ ನನಗೆ ಹಿಡಿಸಲಿಲ್ಲ ಅಂತ ಇಳಿಸಲೂಬಾರದು. ಇದು ನಮ್ಮವರಿಗೆ ಕಷ್ಟ ಆಗೋ ಜಾಗ. ಬೈಗುಳ, ಲೈಂಗಿಕತೆ, ಮನೆಯೊಳಗಿನ ಹಿಂಸೆ ಬಂದ ಕೂಡಲೇ ‘ಮಕ್ಕಳು ಇದನ್ನೆಲ್ಲ ಮಾಡಬೇಕಾ’ ಅಂತ ಮನಸ್ಸು ಓಡುತ್ತೆ, ಮುಂದಿನ ಮೂರು ನಿಮಿಷ ಪ್ರದರ್ಶನ ಕಣ್ಣಿಗೆ ಬೀಳೋದೇ ಇಲ್ಲ. ಶಾಲೆ ಮತ್ತು ಕೋಚ್ ಒಪ್ಪಿ ಕಳಿಸಿದ ಮೇಲೆ ವಿಷಯದ ತೀರ್ಮಾನ ನಮ್ಮದಲ್ಲ.

ನೀವು ಅಳೆಯಬಹುದಾದ್ದು ಇದು: ಆ ಭಾರವಾದ ಘಟನೆಯನ್ನ ಕಥೆ ಹೊರುತ್ತಾ? ಎಂಟನೇ ನಿಮಿಷದಲ್ಲಿ ಒಂದು ಸಾವು ಬರುತ್ತೆ, ಆದರೆ ಸತ್ತವರು ಯಾರು, ಅವರಿಲ್ಲದೆ ಈ ಪಾತ್ರಕ್ಕೆ ನಾಳೆ ಬೆಳಿಗ್ಗೆ ಏನು ಬದಲಾಗುತ್ತೆ ಅನ್ನೋದು ಮೊದಲ ಏಳು ನಿಮಿಷದಲ್ಲಿ ಬಂದೇ ಇಲ್ಲ ಅಂದರೆ ಆ ಸಾವನ್ನ ನಮ್ಮನ್ನ ಅಲ್ಲಾಡಿಸೋಕೆ ತಂದು ಹಾಕಿದ್ದಾರೆ. ಅದು ಕಟಿಂಗ್‌ನ, ಅಂದರೆ ಕೃತಿಯಿಂದ ಭಾಗ ಆಯ್ದು ಕತ್ತರಿಸಿದ ರೀತಿಯ ದೋಷ, ಬರೆಯಲೇಬೇಕಾದ ದೋಷ. ಅಣ್ಣತಮ್ಮಂದಿರು ಅಂಗಡಿ ಮಾರೋ ಕಥೆಯನ್ನ ಇಟ್ಕೊಂಡು, ಒಂದು ಸಾವೂ ಇಲ್ಲದೆ, ಕೋಣೆಯನ್ನ ಹಿಡಿದಿಟ್ಟ ಮಗುವಿಗೆ ಧೈರ್ಯವಾಗಿ ಒಂದನೇ ಸ್ಥಾನ ಕೊಡಿ.

ಧಾರವಾಡದ_ಮಾತು

ನಾ ಒರೇಟರಿ ಬಗ್ಗೆ ಹೇಳ್ತೇನ್ರಿ, ಫ್ರಿಸ್ಕೊ ಅಕ್ಕಾರು ಅದನ್ನೂ ಕೇಳ್ಯಾರ.

ನಮ್ಮ ಕಡೆ ಭಾಷಣ ಸ್ಪರ್ಧಾ ನೋಡಿ ಬೆಳದವ್ರು ಇಲ್ಲಿ ಬಂದು ಜಡ್ಜ್ ಆದ್ರ ಒಂದು ತಪ್ಪು ಮಾಡ್ತಾರ. ದನಿ ಏರಿಸಿ, ಕೈ ಬೀಸಿ, ಸುಭಾಷಿತ, ವಚನ ಪೋಣಿಸಿ ಮಾತಾಡಿದವ್ರೇ ದೊಡ್ಡ ವಾಗ್ಮಿ ಅನ್ನೋ ಲೆಕ್ಕ ತಲ್ಯಾಗ ಕುಂತಿರ್ತದ. ಇಲ್ಲಿ ಒರಿಜಿನಲ್ ಒರೇಟರಿ ಅಂದ್ರ ಹುಡುಗ್ರು ಸ್ವಂತ ಬರದದ್ದು, 10 ನಿಮಿಷ, ಪೂರಾ ಬಾಯಿಪಾಠ. ಬೇರೆಯವ್ರ ಮಾತು ಉದ್ಧರಿಸಿದ್ದು ಒಟ್ಟು 150 ಪದ ಮೀರಬಾರದು. ಎದುರಿಗೆ ಕುಂತ ನಾಲ್ಕು ಮಂದಿ ಜೋಡಿ ಮಾತಾಡಿದಂಗ ಇರಬೇಕ್ರಿ, ಮೈದಾನದಾಗ ಮೈಕ್ ಹಿಡದಂಗ ಅಲ್ಲ. ಸಣ್ಣ ಕ್ಲಾಸ್‌ರೂಮಿನ್ಯಾಗ ಸಭಾದನಿ ತಗದ್ರ ಕೇಳವ್ರಿಗೆ ದೂರ ಅನಸ್ತದ.

ನಾ ಹೇಳೋ ಪರೀಕ್ಷಾ ಸರಳ ಅದ. ಭಾಷಣ ಮುಗದ ಮ್ಯಾಲೆ ಅದರ ವಾದ ಏನಿತ್ತು ಅನ್ನೂದನ್ನ ಒಂದ ಸಾಲಿನ್ಯಾಗ ಬರೀರಿ. ‘ಒಂಟಿತನ’ ಅಂತ ಬರದ್ರ ಅದು ವಿಷಯ ಆತು, ವಾದ ಆಗಲಿಲ್ಲ. ‘ನಾವು ಒಬ್ಬರನ್ನೊಬ್ಬರು ಸಹಾಯ ಕೇಳೂದನ್ನ ಬಿಟ್ಟೇವಿ, ಅದಕ್ಕ ಒಂಟಿ ಆಗೇವಿ’ ಅಂದ್ರ ವಾದ. ಆ ಸಾಲು ಬರೀಲಿಕ್ಕೆ ಬರಲಿಲ್ಲಂದ್ರ ದನಿ ಎಷ್ಟು ಚಲೋ ಇದ್ರೂ ಮೊದಲ ಎರಡರಾಗ ಇಡಬ್ಯಾಡ್ರಿ. ಆಮ್ಯಾಲೆ ಪರಿಹಾರ ನೋಡ್ರಿ. ಕಾರಣ ಒಂದು ಹೇಳಿ, ಪರಿಹಾರ ಇನ್ನೊಂದಕ್ಕ ಕೊಟ್ಟಿರ್ತಾರ. ಕಾರಣ ಸರ್ಕಾರದ ನೀತಿ ಅಂತ ನಾಲ್ಕು ನಿಮಿಷ ಹೇಳಿ, ಕೊನೀಗೆ ‘ನಾವೆಲ್ಲ ಮನಸ್ಸು ಬದಲಿಸೋಣ’ ಅಂದ್ರ ಎಲ್ಲಿಂದೆಲ್ಲಿಗೆ?

ಮೊದಲ ನಿಮಿಷದಾಗ ಒಂದು ಕಥಿ ಹೇಳಿರ್ತಾರ, ಅಜ್ಜಿದೋ ಗೆಳೆಯಂದೋ. ಅದು ನಡುವ ಎಲ್ಲೂ ಬರದ, ಕೊನೀ ಅರ್ಧ ನಿಮಿಷದಾಗ ಮಾತ್ರ ಬಂದ್ರ ಕಟ್ಟಿದ್ದು ಅಂತ ಗೊತ್ತಾಗ್ತದ. ನಡಿಗಿನೂ ಹಂಗ. ಒಂದು ಅಂಶ ಮುಗದು ಇನ್ನೊಂದಕ್ಕ ಹೋಗೂ ಮುಂದ ಎರಡು ಮೂರು ಹೆಜ್ಜಿ ಸರದ್ರ ಕೇಳವ್ರಿಗೆ ‘ಹೊಸಾದು ಶುರು ಆತು’ ಅಂತ ಕಣ್ಣಿಗೆ ಕಾಣ್ತದ. ಮಾತಿನ ನಡುವ ಸುಮ್ನ ಅತ್ತಾಗ ಇತ್ತಾಗ ತಿರಗಾಡಿದ್ರ ಅದು ಅಂಜಿಕಿ.

ಹೂಸ್ಟನ್_ಅಪ್ಪ

ಸಮಯ ಮೀರಿದರೆ ಏನು ಅಂತ ಯಾರೂ ಹೇಳಿಲ್ಲ. 10 ನಿಮಿಷ ದಾಟಿದರೆ ಕೊನೇ ರ‍್ಯಾಂಕ್, ಅಷ್ಟೇ. ಅದರಲ್ಲಿ ಯೋಚನೆ ಮಾಡೋದೇ ಇಲ್ಲ.

ಟ್ಯಾಬ್_ಡೆಸ್ಕ್

ಹಾಗಲ್ಲ ಸರ್. ನ್ಯಾಷನಲ್ ಸ್ಪೀಚ್ ಅಂಡ್ ಡಿಬೇಟ್ ಅಸೋಸಿಯೇಶನ್ ನಿಯಮದ ಪ್ರಕಾರ 10 ನಿಮಿಷದ ಮೇಲೆ 30 ಸೆಕೆಂಡ್ ರಿಯಾಯಿತಿ ಇದೆ. 10:30 ಆದ ಮೇಲೂ ಮುಂದುವರಿದರೆ ಆ ವಿದ್ಯಾರ್ಥಿಗೆ 1ನೇ ರ‍್ಯಾಂಕ್ ಕೊಡುವಂತಿಲ್ಲ. ಸಮಯದ ಕಾರಣಕ್ಕೇ ಕೊನೆಗೆ ಹಾಕಬೇಕೆಂದೇನೂ ಇಲ್ಲ. 10:40ಕ್ಕೆ ಮುಗಿಸಿದ ಒಳ್ಳೆಯ ಪ್ರದರ್ಶನಕ್ಕೆ 2 ಕೊಡಬಹುದು. ನಡುವೆ ನಿಲ್ಲಿಸಬೇಡಿ, ಮುಗಿಸಲು ಬಿಡಿ, ನಿಖರ ಸಮಯವನ್ನು ಬ್ಯಾಲೆಟ್‌ನಲ್ಲಿ ಬರೆಯಿರಿ. ರಾಜ್ಯದ ಲೀಗ್‌ಗಳಲ್ಲಿ ನಿಯಮ ಬೇರೆ ಇರಬಹುದು. ಫ್ರಿಸ್ಕೊದವರು, ಹೂಸ್ಟನ್‌ನವರು ನೀವಿಬ್ಬರೂ ಟೆಕ್ಸಸ್‌ನವರು, ಅಲ್ಲಿ ಯುಐಎಲ್‌ನ (ಆ ರಾಜ್ಯದ ಶಾಲಾ ಸ್ಪರ್ಧೆಗಳ ಲೀಗ್) ಪ್ರೋಸ್ ಮತ್ತು ಪೊಯೆಟ್ರಿ ಸ್ಪರ್ಧೆಗಳಿಗೆ 7 ನಿಮಿಷವೇ ಮಿತಿ, ಕೈಯಲ್ಲಿ ಪಠ್ಯವೂ ಇರಬೇಕು. ಯಾವ ಲೀಗ್‌ನ ಟೂರ್ನಮೆಂಟ್ ಎಂದು ಆಹ್ವಾನಪತ್ರದಲ್ಲಿ ಮೊದಲೇ ನೋಡಿಕೊಳ್ಳಿ.

ರ‍್ಯಾಂಕ್ ಲೆಕ್ಕವನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ಕರ್ನಾಟಕದಲ್ಲಿ ನೂರಕ್ಕೆ ಇಷ್ಟು ಎಂದು ಅಂಕ ಹಾಕಿ ಅಭ್ಯಾಸ ಇರುವವರು ಇಲ್ಲಿ ತಡವರಿಸುತ್ತಾರೆ. ಇಲ್ಲಿ ಕೋಣೆಯಲ್ಲಿ ಅತಿ ಉತ್ತಮರಿಗೆ 1, ಆಮೇಲೆ 2, 3. ಇಬ್ಬರಿಗೆ ಒಂದೇ ರ‍್ಯಾಂಕ್ ಇಲ್ಲ. ಸ್ಪೀಕರ್ ಪಾಯಿಂಟ್ (ಪ್ರದರ್ಶನಕ್ಕೆ ಹಾಕುವ ಅಂಕ) ಕೇಳುವ ಟೂರ್ನಮೆಂಟ್‌ನಲ್ಲಿ ಅದನ್ನೂ ಹಾಕಬೇಕು, ರ‍್ಯಾಂಕ್‌ಗೆ ತಾಳೆಯಾಗುವಂತೆ. ರ‍್ಯಾಂಕ್‌ಗಳ ಮೊತ್ತ ಕಡಿಮೆ ಇದ್ದವರು ಮೇಲೆ. ಮೂರು ಜನ ಜಡ್ಜ್ ಇರುವ ಸುತ್ತಿನಲ್ಲಿ ಒಬ್ಬಳಿಗೆ 1, 1, 5 ಬಂತು, ಮೊತ್ತ 7. ಇನ್ನೊಬ್ಬನಿಗೆ 2, 2, 3, ಅವನದೂ 7. ಆಗ ಹಲವು ಕಡೆ ವ್ಯುತ್ಕ್ರಮ ನೋಡುತ್ತಾರೆ: 1 ಕೂಡಿಸು 1 ಕೂಡಿಸು ಐದನೇ ಒಂದು, ಅಂದರೆ 2.2. ಇವನದು ಅರ್ಧ, ಅರ್ಧ, ಮೂರನೇ ಒಂದು, ಸುಮಾರು 1.33. ಅವಳು ಮೇಲೆ. ಹಾಗಾಗಿ ‘ಎಲ್ಲರೂ ಚೆನ್ನಾಗಿದ್ದರು, 4 ಆದರೇನು 5 ಆದರೇನು’ ಎಂದು ಕೆಳಗಿನ ರ‍್ಯಾಂಕ್‌ಗಳನ್ನು ಕಣ್ಣುಮುಚ್ಚಿ ಹಾಕಬೇಡಿ. ಮೊತ್ತದಲ್ಲಿ ಆ ಒಂದು ಅಂಕಿ ಒಂದು ಮಗುವನ್ನು ಸೆಮಿಫೈನಲ್‌ನಿಂದ ಹೊರಗಿಡುತ್ತದೆ.

ಕಾಗದಪತ್ರಗಳಲ್ಲಿ ‘ಫೊರೆನ್ಸಿಕ್ಸ್’ ಎಂಬ ಪದ ಕಂಡರೆ ಗೊಂದಲ ಬೇಡ. ನ್ಯಾಷನಲ್ ಸ್ಪೀಚ್ ಅಂಡ್ ಡಿಬೇಟ್ ಅಸೋಸಿಯೇಶನ್ 1925ರಲ್ಲಿ ನ್ಯಾಷನಲ್ ಫೊರೆನ್ಸಿಕ್ ಲೀಗ್ ಎಂಬ ಹೆಸರಿನಲ್ಲೇ ಶುರುವಾಯಿತು, ಈಗಿನ ಹೆಸರು ಬಂದದ್ದು 2014ರಲ್ಲಿ. ವಾದ, ಭಾಷಣ ಕಲೆಗೆ ಅಲ್ಲಿ ಹಳೆಯ ಪದ ಅದು.

ಹೂಸ್ಟನ್_ಅಪ್ಪ

ತಿದ್ದಿದ್ದಕ್ಕೆ ಧನ್ಯವಾದ. ಸ್ಟಾಪ್‌ವಾಚ್ ಎಲ್ಲಿಂದ ಶುರು ಮಾಡಬೇಕು? ಮಕ್ಕಳು ಬಂದು ನಿಂತು, ತಲೆ ತಗ್ಗಿಸಿ ಸ್ವಲ್ಪ ಹೊತ್ತು ಸುಮ್ಮನಿರ್ತಾರಲ್ಲ?

ಟ್ಯಾಬ್_ಡೆಸ್ಕ್

ಮೊದಲ ಮಾತು ಅಥವಾ ಅಭಿನಯದ ಮೊದಲ ಚಲನೆ, ಯಾವುದು ಮೊದಲೋ ಅಲ್ಲಿಂದ. ತಲೆ ತಗ್ಗಿಸಿ ಉಸಿರು ತೆಗೆದುಕೊಳ್ಳುವುದು ಲೆಕ್ಕಕ್ಕಿಲ್ಲ. ಫೋನಿನಲ್ಲಿ ಸಮಯ ಹಿಡಿಯುವವರು ಸದ್ದು ಪೂರ್ತಿ ಆರಿಸಿ, ಏರೋಪ್ಲೇನ್ ಮೋಡ್‌ಗೆ ಹಾಕಿ.

ಬಿಳಿ_ಬೋರ್ಡು

ಕೋಣೆಯಲ್ಲಿ ಕೆಲಸ ಹೇಗೆ ಸಾಗುತ್ತೆ ಅನ್ನೋದನ್ನ ಬರೀತೀನಿ, ಮೊದಲ ಸಲ ಹೋಗೋರಿಗೆ ಬೇಕಾಗುತ್ತೆ.

ಬ್ಯಾಲೆಟ್ ಹೆಚ್ಚಿನ ಕಡೆ ಟ್ಯಾಬ್‌ರೂಮ್ ಜಾಲತಾಣದಲ್ಲಿ ಬರುತ್ತೆ. ಲ್ಯಾಪ್‌ಟಾಪ್, ಚಾರ್ಜರ್ ಒಯ್ಯಿರಿ, ಜೊತೆಗೆ ಒಂದು ಕಾಗದ. ಕೋಣೆಗೆ ಹೋದ ಕೂಡಲೇ ‘ಸ್ಟಾರ್ಟ್’ ಒತ್ತಿ, ಇಲ್ಲದಿದ್ದರೆ ಟೂರ್ನಮೆಂಟ್ ನಡೆಸೋ ಡೆಸ್ಕ್‌ನವರು ನಿಮ್ಮನ್ನ ಹುಡುಕಿಕೊಂಡು ಬರ್ತಾರೆ. ಪಟ್ಟಿಯಲ್ಲಿ ನಿಮ್ಮ ಶಾಲೆಯ ಮಗುವೋ, ಮನೆಗೆ ಬಂದು ಹೋಗೋ ಪರಿಚಯದವರ ಮಗುವೋ ಇದ್ದರೆ ಸುತ್ತು ಶುರು ಆಗೋ ಮುಂಚೆಯೇ ಡೆಸ್ಕ್‌ಗೆ ತಿಳಿಸಿ. ಕೆಲವು ಮಕ್ಕಳು ಎರಡು ಸ್ಪರ್ಧೆಗೆ ಸೇರಿರ್ತಾರೆ, ಬೋರ್ಡಿನ ಮೇಲೆ ಹೆಸರಿನ ಪಕ್ಕದಲ್ಲಿ ಬರೆದಿರ್ತಾರೆ. ಅವರು ತಡವಾಗಿ ಬಂದರೆ, ಮಧ್ಯೆ ಎದ್ದು ಹೋದರೆ ಅಗೌರವ ಅಲ್ಲ.

ಪ್ರತಿಯೊಬ್ಬರೂ ಶುರು ಮಾಡೋ ಮುಂಚೆ ‘ಜಡ್ಜ್ ರೆಡಿನಾ’ ಅಂತ ಕೇಳ್ತಾರೆ. ಹಿಂದಿನವರ ಬ್ಯಾಲೆಟ್ ಬರೆದು ಮುಗಿಯೋವರೆಗೆ ಹೂಂ ಅನ್ನಬೇಡಿ. ಎರಡು ಮೂರು ನಿಮಿಷ ತಗೊಳ್ಳಿ, ಯಾರೂ ಬೇಜಾರು ಮಾಡ್ಕೊಳ್ಳಲ್ಲ. ಪ್ರದರ್ಶನ ನಡೀತಿರುವಾಗ ಟೈಪ್ ಮಾಡೋದು ಕಡಿಮೆ ಮಾಡಿ. ಕೀಬೋರ್ಡಿನ ಟಕಟಕ ಸದ್ದಿನಲ್ಲಿ ಆ ಮೌನ ಕೆಟ್ಟು ಹೋಗುತ್ತೆ, ಮತ್ತೆ ನೀವು ತಲೆ ಎತ್ತೋ ಹೊತ್ತಿಗೆ ಮುಖದ ಮೇಲಿನ ಆ ಅರ್ಧ ಸೆಕೆಂಡ್ ದಾಟಿರುತ್ತೆ. ಕಾಗದದ ಮೇಲೆ ಎರಡೆರಡು ಪದ ಗೀಚಿಕೊಳ್ಳಿ: ‘3:20 ತಾಯಿ ನಗು ಚೆನ್ನ’, ‘6:00 ದನಿ ಸಿಗಲಿಲ್ಲ’.

ರ‍್ಯಾಂಕ್ ಕೊನೆಯಲ್ಲಿ ಯೋಚಿಸೋಣ ಅಂತ ಬಿಡಬೇಡಿ. ಎರಡನೆಯವರು ಮುಗಿಸಿದ ಕೂಡಲೇ ಮೊದಲನೆಯವರ ಮೇಲೋ ಕೆಳಗೋ ತೀರ್ಮಾನ ಮಾಡಿ. ಮೂರನೆಯವರನ್ನ ಆ ಪಟ್ಟಿಯೊಳಗೆ ಸೇರಿಸಿ. ಹೀಗೆ ಸೇರಿಸ್ತಾ ಹೋಗಿ. ಹೀಗೆ ಮಾಡದೇ ಇದ್ದರೆ ಒಂದು ಗಂಟೆ ಹಿಂದೆ ಮಾಡಿದ ಮೊದಲ ಮಗುವಿನ ನೆನಪು ಮಸುಕಾಗಿ, ಕೊನೆಯವರು ಕಣ್ಣ ಮುಂದೆ ಇರೋದರಿಂದ ಮೇಲೆ ಬಂದುಬಿಡ್ತಾರೆ.

ಕಂಠಪಾಠ

ಉಚ್ಚಾರಣೆಯ ಬಗ್ಗೆ ಒಂದು ಮಾತು ಸೇರಿಸ್ತೀನಿ. ಕನ್ನಡದ ಕಂಠಪಾಠ, ಗಮಕ ಸ್ಪರ್ಧೆಗಳಲ್ಲಿ ಅಕಾರ ಹಕಾರ ತಪ್ಪಿದರೆ, ಶಕಾರ ಸಕಾರ ಬೆರೆತರೆ ಅಂಕ ಕಳೀತೀವಿ. ಅಲ್ಲಿ ಅದು ಸರಿ, ಅಲ್ಲಿ ಪಠ್ಯದ ಶುದ್ಧಿಯೇ ಸ್ಪರ್ಧೆ. ಆ ಕಿವಿಯನ್ನೇ ಇಲ್ಲಿಗೆ ತರಬಾರದು. ಮಗುವಿನ ಇಂಗ್ಲಿಷಿನಲ್ಲಿ ಸ್ಪ್ಯಾನಿಷ್ ಎಳೆತವೋ ತೆಲುಗು ಎಳೆತವೋ ಇದ್ದರೆ ಅದಕ್ಕೆ ರ‍್ಯಾಂಕ್ ಕಳೆಯೋದು ತಪ್ಪು. ಮಾತು ಅರ್ಥ ಆಯಿತಾ, ಅಷ್ಟು ಸಾಕು. ದುಬಾರಿ ಸೂಟ್ ಹಾಕಿಕೊಂಡು ಬಂದವರಿಗೆ ಮನಸ್ಸು ವಾಲೋದೂ ಇದೇ ಜಾತಿಯ ತಪ್ಪು. ಬಾಲಕ ಹೆಣ್ಣಿನ ಪಾತ್ರ ಮಾಡಿದರೂ, ತೊದಲು ಇರುವ ಮಗು ನಿಂತು ಮಾಡಿದರೂ ಅಳತೆ ಒಂದೇ.

ಆದರೆ ಪಾತ್ರಕ್ಕೆ ಅಂತ ಹಾಕಿಕೊಂಡ ಉಚ್ಚಾರಣೆ ಬೇರೆ ಮಾತು. ನಗು ಬರಿಸೋಕೆ ಯಾವುದೋ ಜನಾಂಗದ ಮಾತನ್ನ ವಕ್ರವಾಗಿ ಅನುಕರಿಸಿದರೆ, ಅಥವಾ ಆ ಉಚ್ಚಾರಣೆ ಮೂರನೇ ನಿಮಿಷದಲ್ಲಿ ಬಂದು ಐದನೇ ನಿಮಿಷದಲ್ಲಿ ಹೋದರೆ, ಬರೀಬೇಕು.

ಫ್ರಿಸ್ಕೊ_ಅಮ್ಮ

ಬ್ಯಾಲೆಟ್‌ನಲ್ಲಿ ಏನು ಬರೀಬೇಕು ಅನ್ನೋದೇ ನನಗೆ ಹೆಚ್ಚು ಭಯ. ‘ಗುಡ್ ಜಾಬ್, ಸ್ವಲ್ಪ ಭಾವ ಹೆಚ್ಚಿರಲಿ’ ಅಂತ ಬರೆದರೆ ನಡೆಯುತ್ತಾ?

ತಾಳಮದ್ದಳೆ_ಕೇಳುಗ

ದಯವಿಟ್ಟು ಹಾಗೆ ಬರೆಯಬೇಡಿ. ತಿಂಗಳುಗಟ್ಟಲೆ ತಯಾರಿ ಮಾಡಿ, ಬೆಳಗಿನ ಜಾವ ಎದ್ದು ಬಂದ ಮಗುವಿನ ಕೈಗೆ ಸಿಗುವುದು ಆ ಬ್ಯಾಲೆಟ್ ಒಂದೇ. ಸೋಮವಾರ ಅಭ್ಯಾಸಕ್ಕೆ ನಿಂತಾಗ ‘ಭಾವ ಹೆಚ್ಚಿರಲಿ’ ಎಂಬ ಸಾಲಿನಿಂದ ಅದು ಏನು ಮಾಡಬೇಕು? ದನಿ ಇನ್ನಷ್ಟು ಏರಿಸುತ್ತದೆ, ಪ್ರದರ್ಶನ ಇನ್ನಷ್ಟು ಕೆಡುತ್ತದೆ.

ಹೀಗೆ ಬರೆಯಿರಿ: ‘ಫೋನ್ ಇಟ್ಟ ಮೇಲೆ ಅಕ್ಕನ ಕಡೆ ತಿರುಗುವ ಮೊದಲು ನೀನು ನಿಂತ ಆ ಎರಡು ಸೆಕೆಂಡ್ ಇಡೀ ಪ್ರದರ್ಶನದಲ್ಲಿ ಶ್ರೇಷ್ಠ. ಕೋರ್ಟಿನ ದೃಶ್ಯದಲ್ಲಿ ವಕೀಲನೂ ತಂದೆಯೂ ಒಂದೇ ಗತಿಯಲ್ಲಿ ಮಾತಾಡಿದ್ದರಿಂದ ಎರಡು ಸಲ ಯಾರೆಂದು ತಿಳಿಯಲಿಲ್ಲ. ತಂದೆಯ ಮಾತನ್ನು ನಿಧಾನ ಮಾಡಿ ನೋಡು. ನಿನಗೆ 2 ಕೊಟ್ಟದ್ದು ಈ ಕಾರಣಕ್ಕೆ.’ ಒಂದು ಕ್ಷಣವನ್ನು ಹೆಸರಿಸುವುದು, ಏನಾಯಿತೆಂದು ಹೇಳುವುದು, ಏನು ಪ್ರಯತ್ನಿಸಬಹುದೆಂದು ಹೇಳುವುದು, ರ‍್ಯಾಂಕ್‌ನ ಕಾರಣ ಕೊಡುವುದು. 1 ಕೊಟ್ಟವರಿಗೂ ಒಂದು ದೋಷ ಬರೆಯಿರಿ, 6 ಕೊಟ್ಟವರಿಗೂ ನಿಜವಾಗಿ ಚೆನ್ನಾಗಿದ್ದ ಒಂದನ್ನು ಹುಡುಕಿ ಬರೆಯಿರಿ. ಸುಮ್ಮನೆ ಹೊಗಳಿಕೆ ಕಟ್ಟಬೇಡಿ, ಮಕ್ಕಳಿಗೆ ಗೊತ್ತಾಗುತ್ತದೆ. ಮೈಕಟ್ಟು, ಮೈಬಣ್ಣ, ಉಡುಪಿನ ಬಗ್ಗೆ ಒಂದಕ್ಷರವೂ ಬೇಡ. ಬಾಯಲ್ಲಿ ರ‍್ಯಾಂಕ್ ಹೇಳಬೇಡಿ, ಎಲ್ಲರಿಗೂ ಒಂದೇ ರೀತಿ ಧನ್ಯವಾದ ಹೇಳಿ ಕಳಿಸಿ.

ಪ್ಲೇನೋ_ಪೋಷಕಿ

ಜಡ್ಜ್ ಅಲ್ಲ, ಮಗನಿಗೆ ಡಿಐ ತಯಾರಿ ನಡೀತಿದೆ. 10 ನಿಮಿಷಕ್ಕೆ ಎಷ್ಟು ಪದ ಇಟ್ಟುಕೊಳ್ಳಬೇಕು? ಕಟಿಂಗ್ ಮಾಡುವಾಗ ಏನು ನೋಡಬೇಕು?

ಬಿಳಿ_ಬೋರ್ಡು

ಮೇಡಂ, 1,100ರಿಂದ 1,300 ಪದ ಹದವಾದ ಅಳತೆ. 1,500 ದಾಟಿದರೆ ಮೌನಕ್ಕೆ ಜಾಗ ಇರಲ್ಲ, ಓಡಿಸ್ತಾರೆ. ಮನೆ ಅಭ್ಯಾಸದಲ್ಲಿ 9:30ಕ್ಕೆ ಮುಗಿಯೋ ಹಾಗಿರಲಿ. ಎದುರಿಗೆ ಜನ ಇದ್ದಾಗ ವಿರಾಮಗಳು ತಾವಾಗೇ ಹಿಗ್ಗುತ್ತವೆ.

ಹೆಚ್ಚಿನವರು ಹಿಡಿಯೋ ಆಕಾರ ಹೀಗಿದೆ. ಮೊದಲು ಒಂದೂವರೆಯಿಂದ ಎರಡು ನಿಮಿಷ ‘ಟೀಸರ್’, ಅಂದರೆ ನೇರ ದೃಶ್ಯದೊಳಗೇ ಹೋಗೋದು. ಆಮೇಲೆ ಪಾತ್ರದಿಂದ ಹೊರಬಂದು, ಸ್ವಂತ ಮಾತಿನಲ್ಲಿ, ಜಡ್ಜ್ ಕಣ್ಣು ನೋಡಿ ಅರ್ಧದಿಂದ ಮುಕ್ಕಾಲು ನಿಮಿಷ ಪೀಠಿಕೆ. ಕೃತಿಯ ಹೆಸರು, ಬರೆದವರ ಹೆಸರು ಇದರಲ್ಲಿ ಬರಲೇಬೇಕು. ಈಗ ಈ ಕಥೆ ಯಾಕೆ ಅನ್ನೋದೂ ಬರಲಿ, ಆದರೆ ಕಥೆಯನ್ನೇ ಇಲ್ಲಿ ಹೇಳಿ ಮುಗಿಸಬಾರದು. ಪೀಠಿಕೆ ಹೇಳುವಾಗ ಪಾತ್ರದ ದುಃಖವನ್ನೇ ಮುಖದಲ್ಲಿ ಉಳಿಸ್ಕೊಂಡು ಮಾತಾಡೋದು ಸಾಮಾನ್ಯ ತಪ್ಪು. ಹುಡುಗ ಯಾರು, ಪಾತ್ರ ಯಾರು ಅನ್ನೋ ಗೆರೆ ಅಲ್ಲಿ ಕಾಣಬೇಕು. ಮುಖ್ಯ ಘಟ್ಟ ಏಳೂವರೆಯಿಂದ ಎಂಟೂವರೆ ನಿಮಿಷದೊಳಗೆ ಬರಲಿ, ಆಮೇಲೆ ಇಳಿಯೋಕೆ ಒಂದು ನಿಮಿಷ ಬೇಕು. ಘಟ್ಟದಲ್ಲೇ ಮುಗಿಸಿ ತಲೆ ತಗ್ಗಿಸಿದರೆ ಕೇಳಿದವರು ಬಾಗಿಲಲ್ಲೇ ನಿಂತ ಹಾಗಿರುತ್ತೆ.

ಕಟಿಂಗ್ ಮಾಡುವಾಗ ಮೊದಲು ಆ ಘಟ್ಟದ ದೃಶ್ಯ ಆರಿಸಿ. ಅದು ಅರ್ಥ ಆಗೋಕೆ ಕೇಳುಗರಿಗೆ ಕನಿಷ್ಠ ಏನೇನು ಗೊತ್ತಿರಬೇಕು ಅಂತ ಪಟ್ಟಿ ಮಾಡಿ. ಆ ಪಟ್ಟಿಯಲ್ಲಿ ಇಲ್ಲದ ಪಾತ್ರ, ಉಪಕಥೆ ಎಷ್ಟೇ ಚೆನ್ನಾಗಿದ್ದರೂ ತೆಗೀರಿ. ಸ್ವಂತ ಸಂಭಾಷಣೆ ಬರೆದು ಸೇರಿಸಬೇಡಿ. ದೃಶ್ಯದಿಂದ ದೃಶ್ಯಕ್ಕೆ ಹೋಗೋಕೆ, ಬೈಗುಳ ತೆಗೆಯೋಕೆ ಸಣ್ಣ ಬದಲಾವಣೆಗೆ ಮಾತ್ರ ನಿಯಮದಲ್ಲಿ ಅವಕಾಶ. ಮೂಲ ಪುಸ್ತಕ, ಗುರುತು ಹಾಕಿದ ಪ್ರತಿ ಎರಡನ್ನೂ ಇಟ್ಕೊಂಡಿರಿ, ದೂರು ಬಂದರೆ ತೋರಿಸಬೇಕಾಗುತ್ತೆ.

ಫ್ರಿಸ್ಕೊ_ಅಮ್ಮ

ಕೊನೇ ಪ್ರಶ್ನೆ. ಮಧ್ಯದಲ್ಲಿ ಮಗು ಮಾತು ಮರೆತು ನಿಂತುಬಿಟ್ಟರೆ?

ಟ್ಯಾಬ್_ಡೆಸ್ಕ್

ನೀವು ನೆನಪಿಸಿ ಕೊಡುವಂತಿಲ್ಲ, ಬೇರೆ ಮಕ್ಕಳೂ ಕೊಡುವಂತಿಲ್ಲ. ಗಡಿಯಾರ ನಿಲ್ಲಿಸಬೇಡಿ. ಪೆನ್ನು ಕೆಳಗಿಟ್ಟು, ಮುಖ ಸಡಿಲ ಬಿಟ್ಟು, ಆ ಮಗುವನ್ನೇ ನೋಡುತ್ತಾ ಕಾಯಿರಿ. ನೀವು ತಲೆ ಬಗ್ಗಿಸಿ ಬರೆಯಲು ಶುರು ಮಾಡಿದರೆ ‘ಮುಗಿಯಿತು’ ಎಂದು ಅದಕ್ಕೆ ಅನಿಸುತ್ತದೆ. ಹತ್ತು ಹದಿನೈದು ಸೆಕೆಂಡ್ ಆದ ಮೇಲೂ ಹೆಚ್ಚಿನವರಿಗೆ ಸಾಲು ಸಿಕ್ಕೇ ಸಿಗುತ್ತದೆ. ಮತ್ತೆ ಮೊದಲಿಂದ ಶುರು ಮಾಡಲೇ ಎಂದು ಕೇಳಿದರೆ ನೀವೇ ಒಪ್ಪಿಗೆ ಕೊಡಬೇಡಿ, ಟೂರ್ನಮೆಂಟ್ ನಿಯಮ ಏನೆಂದು ಡೆಸ್ಕ್‌ಗೆ ಕೇಳಿ.

ತಾಳಮದ್ದಳೆ_ಕೇಳುಗ

ರ‍್ಯಾಂಕ್ ಹಾಕುವಾಗ, ಮರೆತ ಹೊತ್ತಿನಲ್ಲಿ ಪಾತ್ರದಿಂದ ಹೊರಬಿದ್ದರೋ ಪಾತ್ರದೊಳಗೇ ನಿಂತು ಹುಡುಕಿದರೋ ಎಂಬುದನ್ನು ನೋಡಿ. ಒಳಗೇ ನಿಂತು ಹುಡುಕಿದ ಮಗುವಿನ ಮರೆವು ಬಹಳ ಸಲ ಕೇಳುವವರಿಗೆ ವಿರಾಮದಂತೆಯೇ ಕಾಣುತ್ತದೆ. ಅದಕ್ಕೆ ಏನನ್ನೂ ಕಳೆಯಬೇಕಿಲ್ಲ.